ಕೋಡಿಯ ಲೆಕ್ಕ
(ಬಾನುಲಿ ಭಾಷಣ)

ಚಿತ್ರದುರ್ಗದಿಂದ ದಾವಣಗೆರೆಯ ಕಡೆಗೆ ಹೆದ್ದಾರಿಯಲ್ಲಿ ಹೊರಟವರಿಗೆ ನಡುವೆ ಭರಮಸಾಗರ ಎದುರಾಗುತ್ತದೆ. ಊರಿಗೆ ಹೆಸರು ಬಂದದ್ದು ಕೆರೆಯಿಂದ. ಕೆರೆಗೆ ಹೆಸರು ಬಂದದ್ದು ೧೬೮೯ರಿಂದ ೧೭೨೧ರವರೆಗೆ ದುರ್ಗವನ್ನಾಳಿದ ಬಿಚ್ಚುಗತ್ತಿ ಭರಮಣ್ಣ ನಾಯಕನಿಂದ. ಸಮುದ್ರವನ್ನು ಕಣ್ಣಿನಿಂದ ಕಾಣದ ಬಯಲುಸೀಮೆಯ ಜನ ತಮ್ಮ ಕೆರೆಗಳನ್ನು ಸಾಗರವೆಂದೂ ಸಮುದ್ರವೆಂದೂ ಕರೆದರು. ಮಳೆ ಕಡಮೆಯಾದ ನಾಡಿನಲ್ಲಿ ನಿಂತ ನೀರಿಗೆ ಅಷ್ಟು ದೊಡ್ಡ ಹೆಸರು ಸಲ್ಲುವುದು ಸಹಜವೇ ಆಗಿದೆ.

ಕೆರೆ ನೋಡಲು ಹೋದವರು ಏರಿಯ ಉದ್ದವನ್ನು ಮೆಚ್ಚುತ್ತಾರೆ, ತೂಬಿನ ಕಲ್ಲುಗಳನ್ನು ನೋಡುತ್ತಾರೆ. ಕೋಡಿಯ ಬಳಿ ನಿಂತು ಯೋಚಿಸುವವರು ವಿರಳ. ಏರಿ ಎಷ್ಟು ಎತ್ತರವಿರಬೇಕು, ತೂಬು ಎಲ್ಲಿರಬೇಕು ಎಂಬುದನ್ನು ಕಣ್ಣಳತೆಯಿಂದ ಹೇಳಬಹುದು. ಆದರೆ ಕೋಡಿ ಎಷ್ಟು ಅಗಲವಿರಬೇಕು? ಈ ಪ್ರಶ್ನೆಗೆ ಉತ್ತರ ಕೊಡುವವನು, ತಾನು ಇನ್ನೂ ಕಂಡಿರದ ಒಂದು ಮಳೆಯನ್ನು ಊಹಿಸಿಕೊಳ್ಳಬೇಕು. ಅಂಥ ಮಳೆ ಬಿದ್ದ ರಾತ್ರಿ ಮೇಲಿನ ಹಳ್ಳಗಳೆಲ್ಲ ಎಷ್ಟು ನೀರನ್ನು ಎಷ್ಟು ಹೊತ್ತಿನಲ್ಲಿ ತಂದು ಸುರಿಯುತ್ತವೆ ಎಂಬುದನ್ನು ಲೆಕ್ಕ ಹಾಕಬೇಕು. ಕೋಡಿ ಕಿರಿದಾದರೆ ನೀರು ಏರಿಯನ್ನು ಹತ್ತಿ ಹರಿಯುತ್ತದೆ; ಮಣ್ಣಿನ ಏರಿ ಒಂದು ಗಳಿಗೆಯೂ ತಾಳುವುದಿಲ್ಲ. ನದಿಯ ಹರಿವಿನ ಮಾದರಿ, ಪ್ರವಾಹದ ಮುನ್ಸೂಚನೆ ಎಂದು ನಾವು ಇಂದು ಕರೆಯುವ ವಿದ್ಯೆಯ ತಿರುಳು ಇದೇ. ನಮ್ಮ ಹಿರಿಯರು ಅದನ್ನು ಗ್ರಂಥದಲ್ಲಿ ಬರೆದಿಡದೆ ಕಲ್ಲಿನಲ್ಲಿ ಕಟ್ಟಿಟ್ಟರು.

ದುರ್ಗದ ಬೆಟ್ಟದ ಮೇಲೆಯೇ ಇದರ ಒಂದು ಪುಟ್ಟ ಪಾಠವಿದೆ. ಬಂಡೆಗಳ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡಕ್ಕೆ ಇಳಿಯುತ್ತದೆ. ಅಲ್ಲಿ ಹೆಚ್ಚಾದದ್ದು ಅಕ್ಕತಂಗಿಯರ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಪೇಟೆಯ ಸಂತೆಹೊಂಡಕ್ಕೆ. ಒಂದರ ಕೋಡಿ ಇನ್ನೊಂದರ ಒಳಹರಿವು. ಬಯಲಿನ ಕೆರೆಗಳೂ ಹೀಗೆಯೇ ಹಳ್ಳದ ಉದ್ದಕ್ಕೂ ಮಣಿಸರದಂತೆ ಪೋಣಿಸಿಕೊಂಡಿವೆ. ಮೇಲಿನ ಕೆರೆ ಹಿಡಿದಷ್ಟು ನೀರು ಕೆಳಗಿನ ಕೆರೆಗೆ ತಡವಾಗಿ, ಮೆತ್ತಗೆ ಬರುತ್ತದೆ. ಮೇಲಿನದು ಒಡೆದರೆ ಒಮ್ಮೆಲೆ ಬರುತ್ತದೆ. ಆದ್ದರಿಂದ ಒಂದು ಊರಿನ ಏರಿಯ ಭದ್ರತೆ ಆ ಊರಿನವರ ಕೈಯಲ್ಲಿ ಮಾತ್ರ ಇರಲಿಲ್ಲ.

ಮಳೆಯನ್ನು ಅಳೆಯುವ ಯೋಚನೆ ನಮ್ಮಲ್ಲಿ ಬಹಳ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರವು ಕೋಷ್ಠಾಗಾರದ ಮುಂದೆ ಒಂದು ಮೊಳ ಬಾಯಿಯ ಪಾತ್ರೆಯನ್ನಿರಿಸಿ ಮಳೆಯನ್ನು ಅಳೆಯಬೇಕೆನ್ನುತ್ತದೆ. ಒಣ ನಾಡಿಗೆ ಹದಿನಾರು ದ್ರೋಣ, ತೇವದ ನಾಡಿಗೆ ಅದರ ಒಂದೂವರೆ ಪಟ್ಟು ಎಂದು ಪ್ರಮಾಣವನ್ನೂ ಕೊಡುತ್ತದೆ. ವಿಜಯನಗರದ ಕಾಲದ ಇನ್ನೊಂದು ಸಾಕ್ಷ್ಯ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿದೆ. ಬುಕ್ಕರಾಯನ ಮಗ ಭಾಸ್ಕರ ಭವದೂರನು ೧೩೬೯ರಲ್ಲಿ ಅಲ್ಲಿ ಕೆರೆ ಕಟ್ಟಿಸಿ, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಬರಬಾರದ ಆರು ದೋಷಗಳನ್ನೂ ಶಾಸನದಲ್ಲಿ ಕೆತ್ತಿಸಿದನು. ಆ ದೋಷಗಳಲ್ಲಿ ಎರಡನ್ನು ಗಮನಿಸಬೇಕು: ನೀರು ಸ್ವಲ್ಪ, ಭೂಮಿ ಬಹಳ ಎಂಬುದೊಂದು, ಭೂಮಿ ಸ್ವಲ್ಪ, ನೀರು ಬಹಳ ಎಂಬುದು ಮತ್ತೊಂದು. ಬರುವ ನೀರಿಗೂ ಅದನ್ನು ಹಿಡಿಯುವ, ಬಳಸುವ ನೆಲಕ್ಕೂ ಇರಬೇಕಾದ ಹೊಂದಾಣಿಕೆಯನ್ನು ಇದಕ್ಕಿಂತ ಅಡಕವಾಗಿ ಹೇಳುವುದು ಕಷ್ಟ.

ಈ ಹೊಂದಾಣಿಕೆ ತಪ್ಪಿದಾಗ ಏನಾಗುತ್ತದೆ? ಸಾಹಿತ್ಯದ ವಿದ್ಯಾರ್ಥಿಯಾದ ನನಗೆ ಇಲ್ಲಿ ನೆನಪಾಗುವುದು ‘ಕೆರೆಗೆ ಹಾರ’ ಕಥನಗೀತೆ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸಿದ, ನೀರು ಬರಲಿಲ್ಲ. ಕಿರಿಯ ಸೊಸೆ ಭಾಗೀರಥಿಯ ಬಲಿಯಿಂದ ಕೆರೆ ತುಂಬಿತು. ಆ ಗೀತೆಯ ಕರುಣರಸವನ್ನು ಮೂವತ್ತು ವರ್ಷ ತರಗತಿಗಳಲ್ಲಿ ವಿವರಿಸಿದ ಮೇಲೆ, ಈಗ ನನಗೆ ಅದರಲ್ಲಿ ಇನ್ನೊಂದು ಮಾತೂ ಕೇಳಿಸುತ್ತದೆ. ಕೆರೆಯ ಜಾಗವನ್ನು ಆರಿಸಿದವರು ಗೌಡರು, ಹಿರಿಯರು. ಲೆಕ್ಕ ತಪ್ಪಿತು. ತಪ್ಪಿದ ಲೆಕ್ಕದ ಬೆಲೆಯನ್ನು ತೆತ್ತವಳು, ಆ ಆಲೋಚನೆಯಲ್ಲಿ ಯಾರೂ ಮಾತು ಕೇಳದಿದ್ದ ಮನೆಯ ಕಿರಿಯ ಹೆಣ್ಣು. ನೀರಿನ ಇತಿಹಾಸದಲ್ಲಿ ಇದು ಮತ್ತೆ ಮತ್ತೆ ನಡೆದಿದೆ.

ಬ್ರಿಟಿಷರ ಕಾಲದ ಎಂಜಿನಿಯರುಗಳು ಬಂದಾಗ ಮೈಸೂರು ಸೀಮೆಯಲ್ಲಿ ಸುಮಾರು ೩೮,೦೦೦ ಕೆರೆಗಳಿದ್ದವು. ಸಂಸ್ಥಾನದ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿ, ಇಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದೇ ಒಂದು ಜಾಣತನದ ಕೆಲಸವೆಂಬ ಅರ್ಥದಲ್ಲಿ ೧೮೬೬ರ ಹೊತ್ತಿಗೆ ಬೆರಗಿನಿಂದ ಬರೆದನು. ಆದರೆ ಹೊಸ ಅಣೆಕಟ್ಟು, ರೈಲು ಸೇತುವೆಗಳನ್ನು ಕಟ್ಟಲು ಹೊರಟವರಿಗೆ ಸಂಖ್ಯೆ ಬೇಕಾಗಿತ್ತು. ೧೮೬೫ರಲ್ಲಿ ಡಿಕನ್ಸ್ ಎಂಬವನು ಉತ್ತರ ಭಾರತದ ನದಿಗಳಿಗೆ ಒಂದು ಸೂತ್ರ ಕೊಟ್ಟನು. ಅದರಂತೆ ಜಲಾನಯನ ಪ್ರದೇಶ ಹದಿನಾರು ಪಟ್ಟು ದೊಡ್ಡದಾದರೆ ಪ್ರವಾಹ ಎಂಟೇ ಪಟ್ಟು ಹೆಚ್ಚುತ್ತದೆ. ಕಾರಣ ಸರಳ: ವಿಶಾಲವಾದ ನಾಡಿನ ಮೇಲೆಲ್ಲ ಒಂದೇ ಗಳಿಗೆಯಲ್ಲಿ ಒಂದೇ ಬಿರುಸಿನ ಮಳೆ ಬೀಳುವುದಿಲ್ಲ, ದೂರದ ಹಳ್ಳದ ನೀರು ಬಂದು ಸೇರುವ ಹೊತ್ತಿಗೆ ಹತ್ತಿರದ ಹಳ್ಳ ಇಳಿದಿರುತ್ತದೆ. ೧೮೮೪ರಲ್ಲಿ ರೈವ್ಸ್ ಎಂಬವನು ಮದ್ರಾಸು ಪ್ರಾಂತಕ್ಕೆ ಇಂಥದೇ ಇನ್ನೊಂದು ಸೂತ್ರ ರಚಿಸಿದನು. ಎರಡರಲ್ಲಿಯೂ ಒಂದು ಗುಣಾಂಕ ಖಾಲಿ ಬಿಟ್ಟಿತ್ತು. ಅದನ್ನು ಆಯಾ ಸೀಮೆಯ ಅನುಭವದಿಂದ ತುಂಬಬೇಕು. ಎಂದರೆ, ಹಳೆಯ ನೆರೆ ಸೇತುವೆಯ ಯಾವ ಕಲ್ಲನ್ನು ಮುಟ್ಟಿತ್ತು, ಗುಡಿಯ ಯಾವ ಮೆಟ್ಟಿಲವರೆಗೆ ಬಂದಿತ್ತು ಎಂದು ಊರಿನ ಮುದುಕರನ್ನೇ ಕೇಳಬೇಕು. ಗಣಿತ ಕೂಡ ನೆನಪಿನ ಮನೆಬಾಗಿಲಿಗೆ ಬಂದು ನಿಂತಿತ್ತು.

ಆ ನೆನಪು ಸಾಲದೆಂಬುದನ್ನು ಹೈದರಾಬಾದು ಕಂಡಿತು. ೧೯೦೮ರ ಸೆಪ್ಟೆಂಬರ್ ೨೮ರಂದು ಮೂಸಿ ನದಿ ಉಕ್ಕಿ ನಗರವನ್ನು ಕೊಚ್ಚಿತು. ಸಾವಿರಾರು ಜನ ಸತ್ತರು. ನಿಜಾಮ ಸರಕಾರ ಕರೆಸಿಕೊಂಡ ವಿಶ್ವೇಶ್ವರಯ್ಯನವರು ಪರಿಶೀಲಿಸಿದಾಗ, ನದಿಯ ಜಲಾನಯನದಲ್ಲಿ ಇನ್ನೂರಕ್ಕೂ ಹೆಚ್ಚು ಕೆರೆಗಳು ಒಡೆದಿದ್ದುದು ಕಂಡುಬಂತು. ಮಣಿಸರ ಹರಿದಾಗ ಮಣಿಗಳೆಲ್ಲ ಒಮ್ಮೆಗೇ ಜಾರಿದ್ದವು. ಊರಿನ ಮೇಲ್ಗಡೆ ದೊಡ್ಡ ಜಲಾಶಯಗಳನ್ನು ಕಟ್ಟಿ, ಪ್ರವಾಹದ ನೆತ್ತಿಯ ನೀರನ್ನು ಅಲ್ಲಿ ತಡೆದು ನಿಧಾನವಾಗಿ ಬಿಡಬೇಕೆಂದು ಅವರು ಸೂಚಿಸಿದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಹುಟ್ಟಿದ್ದು ಹಾಗೆ. ಇಲ್ಲೊಂದು ಸೂಕ್ಷ್ಮವಿದೆ: ನೆರೆಯನ್ನು ತಡೆಯುವುದು ತುಂಬಿದ ಜಲಾಶಯವಲ್ಲ, ಅದರಲ್ಲಿ ಖಾಲಿ ಉಳಿದ ಜಾಗ.

ಈ ಸೂಕ್ಷ್ಮವನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಜಿಲ್ಲೆಯ ವೇದಾವತಿಗೆ ಬರೋಣ. ಬಾಬಾಬುಡನ್ ಗಿರಿಯ ಮೂಡಣ ಇಳಿಜಾರಿನಲ್ಲಿ ಹುಟ್ಟಿದ ವೇದಾ ಅಯ್ಯನಕೆರೆಯನ್ನೂ ಅವತಿ ಮದಗದ ಕೆರೆಯನ್ನೂ ತುಂಬಿ, ಕಡೂರಿನ ಬಳಿ ಕೂಡಿ ಒಂದಾಗಿ ಹೊಸದುರ್ಗ, ಹಿರಿಯೂರುಗಳ ಕಡೆಗೆ ಹರಿಯುತ್ತವೆ. ಮಾರಿಕಣಿವೆಯಲ್ಲಿ ಶೇಷಾದ್ರಿ ಅಯ್ಯರ್ ಅವರ ದಿವಾನಗಿರಿಯಲ್ಲಿ ಕಟ್ಟಲಾರಂಭಿಸಿದ ಅಣೆಕಟ್ಟು ೧೯೦೭ರಲ್ಲಿ ಮುಗಿದು, ಮಹಾರಾಣಿಯವರ ಹೆಸರಿನಿಂದ ವಾಣಿವಿಲಾಸ ಸಾಗರವಾಯಿತು. ಅದರ ಪೂರ್ಣಮಟ್ಟ ೧೩೦ ಅಡಿ. ಅದು ಹಿಡಿಯುವ ನೀರು ೩೦ ಟಿ.ಎಂ.ಸಿ.; ಅದರ ಜಲಾನಯನ ೫,೩೦೦ ಚದರ ಕಿಲೋಮೀಟರಿಗೂ ಮಿಕ್ಕದ್ದು.

ಕಾಗದದ ಮೇಲೆ ಒಂದು ಸಣ್ಣ ಭಾಗಾಕಾರ ಮಾಡಿ ನೋಡಿ. ಆ ಇಡೀ ನೆಲದಿಂದ ಹದಿನಾರು ಸೆಂಟಿಮೀಟರಿನಷ್ಟು ನೀರು ಹರಿದು ಬಂದರೆ ಜಲಾಶಯ ತುಂಬುತ್ತದೆ. ಮಳೆ ಅದರ ಮೂರು ನಾಲ್ಕು ಪಟ್ಟು ಬೀಳುತ್ತದಲ್ಲ, ವರ್ಷವರ್ಷವೂ ತುಂಬಬೇಡವೆ? ತುಂಬಲಿಲ್ಲ. ಒಣ ಮಣ್ಣು ಮೊದಲು ಕುಡಿಯುತ್ತದೆ, ಬಿಸಿಲು ಹೀರುತ್ತದೆ, ಮೇಲಿನ ನೂರಾರು ಕೆರೆಕಟ್ಟೆಗಳು ತಮ್ಮ ಪಾಲನ್ನು ಹಿಡಿದುಕೊಳ್ಳುತ್ತವೆ. ಉಳಿದದ್ದು ಮಾತ್ರ ಕಣಿವೆಗೆ ಬರುತ್ತದೆ. ಅಣೆಕಟ್ಟು ಮುಗಿದು ಇಪ್ಪತ್ತಾರು ವರ್ಷಗಳ ಮೇಲೆ, ೧೯೩೩ರ ಸೆಪ್ಟೆಂಬರಿನಲ್ಲಿ, ಅದು ಮೊದಲ ಬಾರಿಗೆ ಕೋಡಿ ಬಿತ್ತು. ಎರಡನೆಯ ಬಾರಿ ಬಿದ್ದದ್ದು ೨೦೨೨ರ ಸೆಪ್ಟೆಂಬರಿನಲ್ಲಿ. ಎರಡು ಸಲವೂ ಹುಬ್ಬೆಯ ಮಳೆ. ನಡುವೆ ಎಂಬತ್ತೊಂಬತ್ತು ವರ್ಷ.

ಮೊದಲ ಕೋಡಿ ಬೀಳುವ ಹಿಂದಿನ ವರ್ಷ, ೧೯೩೨ರಲ್ಲಿ, ಅಮೆರಿಕದ ಶೆರ್ಮನ್ ಎಂಬ ಎಂಜಿನಿಯರು ಒಂದು ಹೊಸ ಉಪಾಯವನ್ನು ಪ್ರಕಟಿಸಿದ್ದನು. ಜಲಾನಯನದಿಂದ ಹರಿದುಬರುವ ಒಂದು ಅಂಗುಲ ನೀರು ನದಿಯಲ್ಲಿ ಗಂಟೆಗಂಟೆಗೆ ಹೇಗೆ ಏರಿ ಹೇಗೆ ಇಳಿಯುತ್ತದೆಂದು ಒಮ್ಮೆ ಗುರುತಿಸಿಕೊಂಡರೆ, ಎರಡಂಗುಲಕ್ಕೆ ಅದನ್ನು ಇಮ್ಮಡಿಸಬಹುದು. ಮರುದಿನದ ಮಳೆಯ ರೇಖೆಯನ್ನು ಒಂದು ದಿನ ಆಚೆ ಸರಿಸಿ ಕೂಡಿಕೊಳ್ಳಬಹುದು. ಹೀಗೆ ಪ್ರವಾಹಕ್ಕೆ ಪ್ರಮಾಣದ ಜೊತೆಗೆ ಕಾಲವೂ ಸೇರಿತು. ೧೯೬೬ರಲ್ಲಿ ಸ್ಟ್ಯಾನ್‌ಫರ್ಡಿನ ವಿದ್ವಾಂಸರು ಮಣ್ಣಿನ ಹೀರಿಕೆ, ಆವಿ, ಹರಿವುಗಳ ಜಮಾಖರ್ಚನ್ನೆಲ್ಲ ಗಣಕಯಂತ್ರಕ್ಕೆ ಒಪ್ಪಿಸಿದರು. ಈಗ ಉಪಗ್ರಹಗಳೂ ಸ್ವಯಂಚಾಲಿತ ಮಳೆಮಾಪಕಗಳೂ ಆ ಯಂತ್ರಕ್ಕೆ ಅಂಕಿಗಳನ್ನು ಉಣಿಸುತ್ತವೆ. ಆದರೂ ಎಂಬತ್ತೊಂಬತ್ತು ವರ್ಷಕ್ಕೊಮ್ಮೆ ನಡೆದುದನ್ನು ಯಾವ ಯಂತ್ರಕ್ಕೂ ಸುಲಭವಾಗಿ ಕಲಿಸಲಾಗುವುದಿಲ್ಲ. ಅದು ಕಲಿಯುವುದು ಉದಾಹರಣೆಗಳಿಂದ, ಉದಾಹರಣೆ ಒಂದೇ ಇದ್ದಿತು.

ಅದಕ್ಕಿಂತ ಮುಖ್ಯವಾದ ಬದಲಾವಣೆ ನೆಲದ ಮೇಲೆಯೇ ಆಗಿದೆ. ೨೦೧೯ರಿಂದ ಭದ್ರೆಯ ನೀರು ಅಜ್ಜಂಪುರದ ಕಡೆಯಿಂದ ವೇದಾವತಿಗೆ ಬಂದು ವಾಣಿವಿಲಾಸವನ್ನು ಸೇರತೊಡಗಿತು. ೨೦೨೧ರಲ್ಲಿ ತುಂಗಭದ್ರೆಯ ನೀರು ಹರಿಹರದ ಕಡೆಯಿಂದ ಕೊಳವೆಗಳಲ್ಲಿ ಮೇಲೇರಿ ಭರಮಸಾಗರದ ಕೆರೆಗೆ ಬಂತು. ಒಣಗಿದ ತಳವನ್ನೇ ನೋಡಿ ಬೆಳೆದ ಮಕ್ಕಳು ನೀರನ್ನು ಕಂಡರು. ಅಂತರ್ಜಲ ಏರಬಹುದೆಂದು ತೋಟದವರು ನಿಟ್ಟುಸಿರು ಬಿಟ್ಟರು. ಈ ಸಂತೋಷಕ್ಕೆ ಯಾರೂ ಕುಂದು ತರಲಾರರು. ಆದರೆ ಕೋಡಿಯ ಹಳೆಯ ಲೆಕ್ಕ ಅಂದೇ ಬದಲಾಯಿತು. ಬರಿದಾದ ಕೆರೆ ಹಿಂಗಾರಿನ ಮಹಾಮಳೆಯನ್ನು ಮೊದಲು ತಾನೇ ನುಂಗುತ್ತಿತ್ತು. ಹೊರಗಿನ ನೀರಿನಿಂದ ಮೊದಲೇ ತುಂಬಿದ ಕೆರೆಗೆ ಅದೇ ಮಳೆ ಬಿದ್ದರೆ ಇಡೀ ನೀರು ಕೋಡಿಗೇ ಬರುತ್ತದೆ. ಕೋಡಿಯ ಅಗಲ ಮಾತ್ರ ಹಿಂದಿನದೇ. ಅದರ ಕೆಳಗಿನ ಹಳ್ಳ ಎಷ್ಟೋ ಕಡೆ ಹೊಲವಾಗಿದೆ, ಮನೆಯ ಹಿತ್ತಲಾಗಿದೆ.

ವಾಣಿವಿಲಾಸದಲ್ಲಿ ಈ ಇಕ್ಕಟ್ಟು ಕಣ್ಣಿಗೆ ಕಾಣುವಂತಾಯಿತು. ೨೦೨೨ರಲ್ಲಿಯೂ ೨೦೨೫ರ ಜನವರಿಯಲ್ಲಿಯೂ ನೀರು ೧೩೦ ಅಡಿ ಮುಟ್ಟಿದಾಗ ಹಿರಿಯೂರಿನ ಕಡೆ ಬಾಗಿನದ ಸಂಭ್ರಮ. ಅದೇ ನೀರು ಹೊಸದುರ್ಗದ ಹಿನ್ನೀರಿನ ತೋಟಗಳಲ್ಲಿ, ಮನೆಗಳ ಹೊಸ್ತಿಲಲ್ಲಿ ನಿಂತಿತ್ತು. ಒಬ್ಬರಿಗೆ ನೂರು ವರ್ಷದ ಆಸೆ, ಇನ್ನೊಬ್ಬರಿಗೆ ಎರಡು ತಲೆಮಾರಿನ ದುಡಿಮೆ. ಇಬ್ಬರೂ ಒಂದೇ ಜಿಲ್ಲೆಯ ರೈತರು, ಇಬ್ಬರ ಮಾತೂ ನ್ಯಾಯವಾದದ್ದೇ. ಎಷ್ಟು ಮಳೆಗೆ ನೀರು ಎಲ್ಲಿಯವರೆಗೆ ಬರುತ್ತದೆಂದು ಮಾದರಿ ಹೇಳಬಲ್ಲದು. ಎಷ್ಟು ಅಡಿ ಖಾಲಿ ಉಳಿಸಬೇಕು, ಅದರ ನಷ್ಟವನ್ನು ಯಾರು ಯಾರಿಗೆ ತುಂಬಿಕೊಡಬೇಕು ಎಂಬುದನ್ನು ಅದು ಹೇಳಲಾರದು. ಆ ನಿರ್ಣಯ ಹಿನ್ನೀರಿನವರನ್ನೂ ಅಚ್ಚುಕಟ್ಟಿನವರನ್ನೂ ಒಂದೇ ಚಾವಡಿಯಲ್ಲಿ ಕೂರಿಸಿ, ಮಳೆಗಾಲಕ್ಕೆ ಮುಂಚೆಯೇ ಆಗಬೇಕು. ಭಾಗೀರಥಿಯನ್ನು ಯಾರೂ ಕೇಳಲಿಲ್ಲ, ನಾವು ಕೇಳಬಹುದು.

ಅಷ್ಟರಲ್ಲಿ ಖರ್ಚಿಲ್ಲದ ಒಂದು ಕೆಲಸವನ್ನು ಊರಿನವರೇ ಮಾಡಬಹುದು. ೨೦೨೨ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂಬುದು ಇನ್ನೂ ಎಲ್ಲರ ನೆನಪಿನಲ್ಲಿದೆ. ಹಿನ್ನೀರಿನ ಹಳ್ಳಿಗಳಲ್ಲಿ, ಕೋಡಿಹಳ್ಳಗಳ ದಡದಲ್ಲಿ, ಗುಡಿಯ ಗೋಡೆಗೋ ಶಾಲೆಯ ಕಂಬಕ್ಕೋ ಒಂದು ಗೆರೆ ಕೊರೆದು ತೇದಿಯನ್ನು ಬರೆಯಲಿ. ಇನ್ನು ಎಂಬತ್ತು ವರ್ಷದ ಮೇಲೆ ಮನೆ ಕಟ್ಟಲು ಪಾಯ ತೆಗೆಯುವವನು ಆ ಗೆರೆಯನ್ನು ನೋಡಿ ನಾಲ್ಕು ಮಾರು ಮೇಲಕ್ಕೆ ಸರಿದರೆ, ನಮ್ಮ ಕಾಲದ ಲೆಕ್ಕ ಅಷ್ಟರಮಟ್ಟಿಗೆ ಸರಿಯಾಯಿತು.