ಅಂಗವೈಕಲ್ಯ ಪಿಂಚಣಿ: ರುಜುವಾತಿನ ಹೊಣೆ ಯಾರದು?

ಶಿರಾಡಿ ಘಾಟಿಯ ಬುಡದಲ್ಲಿರುವ ಗುಂಡ್ಯದಂತಹ ಊರಿಗೆ ರೋಗದ ನಿಮಿತ್ತ ಸೇನೆಯಿಂದ ಬಿಡುಗಡೆ ಹೊಂದಿ ಬರುವ ಸಿಪಾಯಿಯೊಡನೆ ಅವನ ವೈದ್ಯಕೀಯ ದಾಖಲೆಗಳೆಲ್ಲವೂ ಬರುವುದಿಲ್ಲ. ಅವು ದೂರದ ದಾಖಲೆ ಕಚೇರಿಯಲ್ಲಿರುತ್ತವೆ. ರೋಗವು ಸೇವೆಯಿಂದಲೇ ಉಂಟಾಯಿತೆಂದು ಅವನು ರುಜುವಾತುಪಡಿಸುವುದೆಂತು?

1982ರ ನಿಯಮಾವಳಿಯ ಒಂಬತ್ತನೆಯ ನಿಯಮವು ಈ ಹೊಣೆಯನ್ನು ಅವನ ಮೇಲೆ ಹೊರಿಸಿರಲಿಲ್ಲ. ಸಂಶಯದ ಲಾಭವನ್ನೂ ಅವನಿಗೇ ಕೊಟ್ಟಿತ್ತು. ಆದರೂ ವೈದ್ಯಮಂಡಲಿಯು ಕಾರಣ ಕೊಡದೆ ಬರೆದ ಒಂದು ಸಾಲಿನಿಂದಲೇ ಅರ್ಜಿಗಳು ತಿರಸ್ಕೃತವಾದುದುಂಟು. ಅಪಸ್ಮಾರದ ಕಾರಣ ಬಿಡುಗಡೆಗೊಂಡ ಧರ್ಮವೀರ ಸಿಂಗ್ ಅವರ ಮೊಕದ್ದಮೆಯಲ್ಲಿ, 2013ರ ಜುಲೈಯಲ್ಲಿ, ಸರ್ವೋಚ್ಚ ನ್ಯಾಯಾಲಯವು ಈ ಪದ್ಧತಿಯನ್ನು ಒಪ್ಪಲಿಲ್ಲ. ಸೇರುವಾಗ ರೋಗದ ಉಲ್ಲೇಖವಿಲ್ಲದಿದ್ದರೆ ಅದು ಸೇವಾಕಾಲದಲ್ಲಿ ಬಂದುದೆಂದೇ ಭಾವಿಸತಕ್ಕದ್ದು. ಅಲ್ಲವೆನ್ನುವ ಮಂಡಲಿಯು ಕಾರಣವನ್ನು ಬರೆಯತಕ್ಕದ್ದು ಎಂಬುದು ತೀರ್ಪಿನ ಸಾರ. ನಿಯಮ ಹುಟ್ಟಿ ಆಗಲೇ 31 ವರ್ಷ ಸಂದಿದ್ದವು! ಕೊರತೆಯಿದ್ದುದು ಕಾನೂನಿನದಲ್ಲ, ಅದನ್ನು ಸಿಪಾಯಿಗೆ ಓದಿ ಹೇಳುವವರದೆಂದು ನಾವು ತಿಳಿಯುತ್ತೇವೆ.

1987ರ ಕಾನೂನು ಸೇವೆಗಳ ಅಧಿನಿಯಮದಂತೆ ಅಂಗವಿಕಲರು ಉಚಿತ ನೆರವಿಗೆ ಅರ್ಹರು. ಸೈನಿಕ ಮಂಡಳಿಗಳಲ್ಲಿಯೇ ಕಾನೂನು ನೆರವಿನ ಕೇಂದ್ರಗಳನ್ನು ತೆರೆಯುವ ಯೋಜನೆಯು ಆರಂಭವಾದುದು ಮಾತ್ರ 2025ರ ಜುಲೈಯಲ್ಲಿ. ಅಷ್ಟರಲ್ಲಿ, 2023ರ ಸೆಪ್ಟೆಂಬರಿನಲ್ಲಿ, ಮುಂದೆ ಬಿಡುಗಡೆ ಹೊಂದುವವರಿಗಾಗಿ ಹೊಸ ನಿಯಮಾವಳಿಯೊಂದು ಬಂದಿತ್ತು.