ಹೊರಾಂಗಣ ದೀಪ ನಿಯಂತ್ರಣ: ಫ್ಲ್ಯಾಗ್‌ಸ್ಟಾಫ್ ನಗರದ ಉಪವಿಧಿಗಳು

ಬೀದಿ, ಅಂಗಡಿ ಮುಂಗಟ್ಟು, ವಾಹನ ನಿಲ್ದಾಣ, ಜಾಹೀರಾತು ಫಲಕ ಮೊದಲಾದ ಕಡೆ ಬಯಲಿನಲ್ಲಿ ಉರಿಯುವ ದೀಪಗಳ ಬಗೆ, ಪ್ರಮಾಣ, ದಿಕ್ಕು ಮತ್ತು ವೇಳೆಯನ್ನು ನಗರಸಭೆಯೋ ಜಿಲ್ಲಾಡಳಿತವೋ ಉಪವಿಧಿಯ ಮೂಲಕ ಗೊತ್ತುಪಡಿಸುವುದಕ್ಕೆ ಹೊರಾಂಗಣ ದೀಪ ನಿಯಂತ್ರಣ ಎಂದು ಹೆಸರು. ಇಂತಹ ಉಪವಿಧಿಗಳ ಚರಿತ್ರೆ ಅಮೆರಿಕದ ಅರಿಜೋನಾ ರಾಜ್ಯದ ಉತ್ತರಕ್ಕೆ, ಸಮುದ್ರಮಟ್ಟದಿಂದ ಸುಮಾರು 2,100 ಮೀಟರ್ ಎತ್ತರದಲ್ಲಿರುವ ಫ್ಲ್ಯಾಗ್‌ಸ್ಟಾಫ್ ನಗರದಿಂದ ಮೊದಲಾಗುತ್ತದೆ.

ತೆಳುವಾದ ಒಣ ಹವೆಯನ್ನೂ ನಿರ್ಮಲ ಆಕಾಶವನ್ನೂ ಮೆಚ್ಚಿ ಪರ್ಸಿವಲ್ ಲೊವೆಲ್ 1894ರಲ್ಲಿ ಇಲ್ಲಿ ಸ್ಥಾಪಿಸಿದ ವೀಕ್ಷಣಾಲಯದಲ್ಲಿಯೇ 1930ರಲ್ಲಿ ಕ್ಲೈಡ್ ಟಾಂಬೋ ಪ್ಲೂಟೋವನ್ನು ಪತ್ತೆಹಚ್ಚಿದನು. 1955ರಲ್ಲಿ ಅಮೆರಿಕದ ನೌಕಾ ವೀಕ್ಷಣಾಲಯವೂ ಊರಿನ ಹೊರವಲಯದಲ್ಲಿ ಶಾಖೆಯೊಂದನ್ನು ತೆರೆಯಿತು. ಹೀಗಾಗಿ ಇಲ್ಲಿ ರಾತ್ರಿಯ ಕತ್ತಲೆಯೆಂಬುದು ಊರಿನ ಹೆಸರಿಗೂ ಕೆಲವರ ಜೀವನೋಪಾಯಕ್ಕೂ ಸಂಬಂಧಿಸಿದ ಸಂಗತಿಯಾಗಿತ್ತು.

1958ರ ಏಪ್ರಿಲ್‌ನಲ್ಲಿ ನಗರಸಭೆ ಅಂಗೀಕರಿಸಿದ ಮೊದಲ ಉಪವಿಧಿ ನಿಷೇಧಿಸಿದ್ದು ಒಂದೇ ಸಾಧನವನ್ನು: ವ್ಯಾಪಾರದ ಪ್ರಚಾರಕ್ಕಾಗಿ ಆಕಾಶದತ್ತ ಬೆಳಕಿನ ಕಂಬದಂತೆ ತಿರುಗಿಸುತ್ತಿದ್ದ ಸರ್ಚ್‌ಲೈಟ್. ಉಲ್ಲಂಘಿಸಿದವರಿಗೆ ದಂಡದ ಜೊತೆಗೆ 90 ದಿನಗಳವರೆಗೆ ಸೆರೆವಾಸ ವಿಧಿಸುವ ಅವಕಾಶವಿತ್ತೆಂಬುದನ್ನು ನೋಡಿದರೆ, ಕಟ್ಟಳೆ ಚಿಕ್ಕದಾದರೂ ನಗರಸಭೆ ಅದನ್ನು ಹಗುರವಾಗಿ ಪರಿಗಣಿಸಿರಲಿಲ್ಲವೆಂದು ತಿಳಿಯುತ್ತದೆ. 1972ರಲ್ಲಿ ಅದೇ ರಾಜ್ಯದ ಟೂಸಾನ್ ನಗರವು ಹತ್ತಿರದ ಕಿಟ್ ಪೀಕ್ ವೀಕ್ಷಣಾಲಯದ ಹಿತಕ್ಕಾಗಿ ಇನ್ನಷ್ಟು ವ್ಯಾಪಕವಾದ ನಿಯಮಗಳನ್ನು ತಂದಿತು.

ಆರಂಭದ ನಿಯಮಗಳ ಒತ್ತು ಬಹುಮಟ್ಟಿಗೆ ದೀಪಕ್ಕೆ ಮರೆ ಕಟ್ಟುವುದರ ಮೇಲಿತ್ತು. ದೀಪದ ಬುಡ್ಡಿಯ ಮೇಲೂ ಪಕ್ಕದಲ್ಲೂ ಮುಚ್ಚಳವಿದ್ದು, ಬೆಳಕು ಅಡ್ಡಗೆರೆಗಿಂತ ಮೇಲಕ್ಕೆ ಹೋಗದೆ ನೆಲದತ್ತಲೇ ಬೀಳುವಂತಿದ್ದರೆ ಅದನ್ನು ಪೂರ್ಣ ಮರೆಯ ದೀಪ ಎನ್ನುತ್ತಾರೆ. ಆದರೆ ಮರೆಯೊಂದರಿಂದಲೇ ಆಕಾಶ ಕತ್ತಲಾಗುವುದಿಲ್ಲ, ಏಕೆಂದರೆ ನೆಲಕ್ಕೆ ಬಿದ್ದ ಬೆಳಕಿನಲ್ಲಿ ಒಂದು ಭಾಗ ಕಾಂಕ್ರೀಟಿನಿಂದಲೋ ಹಿಮದಿಂದಲೋ ಪ್ರತಿಫಲಿಸಿ ಮತ್ತೆ ಮೇಲಕ್ಕೇರುತ್ತದೆ; ಒಬ್ಬ ವ್ಯಾಪಾರಿ ಎಲ್ಲ ದೀಪಗಳಿಗೂ ಮರೆ ಕಟ್ಟಿ, ಅವುಗಳ ಸಂಖ್ಯೆಯನ್ನು ಮಾತ್ರ ಮನಬಂದಂತೆ ಹೆಚ್ಚಿಸಿದರೆ ನಿಯಮ ಪಾಲನೆಯಾದರೂ ಅದರ ಉದ್ದೇಶ ಈಡೇರುವುದಿಲ್ಲ.

ಈ ಕೊರತೆಯನ್ನು ತುಂಬಿದ್ದು 1989ರ ಉಪವಿಧಿ. ಫ್ಲ್ಯಾಗ್‌ಸ್ಟಾಫ್ ನಗರವೂ ಅದನ್ನೊಳಗೊಂಡ ಕೊಕೊನೀನೊ ಕೌಂಟಿಯೂ, ಅಂದರೆ ಜಿಲ್ಲಾಮಟ್ಟದ ಆಡಳಿತವೂ, ನಿವೇಶನದ ಪ್ರತಿ ಎಕರೆಗೆ ಒಟ್ಟು ಎಷ್ಟು ಲೂಮೆನ್ ಬೆಳಕು ಇರಬಹುದೆಂಬ ಮಿತಿಯನ್ನು ಹೇರಿದವು. ಲೂಮೆನ್ ಎಂಬುದು ದೀಪವೊಂದು ಹೊರಸೂಸುವ ಬೆಳಕಿನ ಅಳತೆ. ಹಳೆಯ 60 ವ್ಯಾಟಿನ ಬಲ್ಬು ಸುಮಾರು 800 ಲೂಮೆನ್ ಕೊಡುತ್ತಿತ್ತು. ವ್ಯಾಟ್ ತಿಳಿಸುವುದು ದೀಪ ಬಳಸುವ ವಿದ್ಯುತ್ತನ್ನೇ ಹೊರತು ಅದು ಕೊಡುವ ಬೆಳಕನ್ನಲ್ಲವಾದ್ದರಿಂದ, ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಬೆಳಕು ಬೀರುವ ಎಲ್‌ಇಡಿ ಬಂದ ಮೇಲೆಯೂ ಲೂಮೆನ್ ಅಳತೆ ನಿಷ್ಪ್ರಯೋಜಕವಾಗಲಿಲ್ಲ. ಊರನ್ನು ವಲಯಗಳಾಗಿ ವಿಂಗಡಿಸಿ ವೀಕ್ಷಣಾಲಯದ ನೆರೆಯಲ್ಲಿ ಅತಿ ಬಿಗಿಯಾದ ಮಿತಿಯನ್ನು, ದೂರ ಹೋದಂತೆ ಸಡಿಲವಾದ ಮಿತಿಯನ್ನು ಇಡಲಾಯಿತು. ದೀಪ ನಿಯಂತ್ರಣದ ಚರಿತ್ರೆಯಲ್ಲಿ ಫ್ಲ್ಯಾಗ್‌ಸ್ಟಾಫಿನ ನಿಜವಾದ ಕೊಡುಗೆ ಹೆಸರುವಾಸಿಯಾದ 1958ರ ನಿಷೇಧಕ್ಕಿಂತ ಈ ಲೆಕ್ಕಾಚಾರವೇ ಎನ್ನಬೇಕು.

ಪ್ರಮಾಣದಷ್ಟೇ ಬಣ್ಣವೂ ಮುಖ್ಯ. ಕಡಿಮೆ ಒತ್ತಡದ ಸೋಡಿಯಂ ದೀಪದ ಹಳದಿ ಬೆಳಕು ಬಹುತೇಕ 589 ನ್ಯಾನೊಮೀಟರ್ ತರಂಗಾಂತರವೊಂದರಲ್ಲೇ ಇರುವುದರಿಂದ ಖಗೋಳವಿಜ್ಞಾನಿಗಳು ಅದನ್ನು ಶೋಧಕದಿಂದ ಬೇರ್ಪಡಿಸಬಲ್ಲರು. ಬಿಳಿ ಎಲ್‌ಇಡಿಯಲ್ಲಿ ಹೆಚ್ಚಾಗಿರುವ ನೀಲಿ ಅಂಶವಾದರೋ ಗಾಳಿಯಲ್ಲಿ ಹೆಚ್ಚು ಚದುರಿ ಇಡೀ ಆಕಾಶವನ್ನು ಬೆಳಗಿಸುತ್ತದೆ. ಸೋಡಿಯಂ ದೀಪಗಳ ತಯಾರಿಕೆಯೇ ನಿಂತುಹೋಗುತ್ತ ಬಂದಾಗ ನಗರಸಭೆ ಅವುಗಳ ಬದಲಿಗೆ ಕಿರಿದಾದ ತರಂಗಪಟ್ಟಿಯ ಅಂಬರು ಬಣ್ಣದ ಎಲ್‌ಇಡಿಗಳತ್ತ ತಿರುಗಿತು. ಈ ಬೆಳಕಿನಲ್ಲಿ ಬಟ್ಟೆಯ, ವಾಹನದ ಬಣ್ಣ ಗುರುತಿಸುವುದು ಕಷ್ಟ. ಈ ಅನಾನುಕೂಲವನ್ನು ಊರು ತಿಳಿದೇ ಒಪ್ಪಿಕೊಂಡಿದೆ.

ಇಂತಹ ಉಪವಿಧಿಗಳಿಗೆ ಆಧಾರ, ಸಾರ್ವಜನಿಕ ಆರೋಗ್ಯ, ಸುರಕ್ಷತೆ ಮತ್ತು ಹಿತಕ್ಕಾಗಿ ಭೂಬಳಕೆಯನ್ನು ನಿಯಂತ್ರಿಸಲು ಅಮೆರಿಕದ ಸ್ಥಳೀಯ ಸಂಸ್ಥೆಗಳಿಗೆ ಇರುವ ಅಧಿಕಾರ. ಕಟ್ಟಡ ಪರವಾನಗಿಯ ಹಂತದಲ್ಲೇ ದೀಪಗಳ ನಕ್ಷೆಯನ್ನೂ ಲೂಮೆನ್ ಲೆಕ್ಕವನ್ನೂ ಕೇಳಿದರೆ ಜಾರಿ ಸುಲಭ. ನಿಯಮಕ್ಕೆ ಮೊದಲೇ ಹಾಕಿದ ದೀಪಗಳಿಗೆ ಸಾಮಾನ್ಯವಾಗಿ ವಿನಾಯಿತಿ ದೊರೆಯುವುದರಿಂದ ಊರಿನ ಸ್ವರೂಪ ಬದಲಾಗಲು ದಶಕಗಳೇ ಹಿಡಿಯುತ್ತವೆ. ಸ್ಥಳೀಯ ಸಂಸ್ಥೆಯ ವ್ಯಾಪ್ತಿಗೆ ಮೀರಿದ ಪ್ರಶ್ನೆಗಳೂ ಉಂಟು: ಹೆದ್ದಾರಿ ಬದಿಯ ಎಲೆಕ್ಟ್ರಾನಿಕ್ ಜಾಹೀರಾತು ಫಲಕಗಳ ವಿವಾದವು ನ್ಯಾಯಾಲಯವನ್ನೂ ಶಾಸನಸಭೆಯನ್ನೂ ಹಾದು, ವೀಕ್ಷಣಾಲಯಗಳ ಪರಿಸರವನ್ನು ಗಮನದಲ್ಲಿರಿಸಿಕೊಂಡು ಅಂತಹ ಫಲಕಗಳನ್ನು ರಾಜ್ಯದ ಕೆಲವು ಭಾಗಗಳಿಗೆ ಸೀಮಿತಗೊಳಿಸುವ 2012ರ ಕಾನೂನಿನಲ್ಲಿ ನಿಂತಿತು.

1988ರಲ್ಲಿ ಟೂಸಾನಿನಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಡಾರ್ಕ್ ಸ್ಕೈ ಸಂಘವು 2001ರಲ್ಲಿ ಫ್ಲ್ಯಾಗ್‌ಸ್ಟಾಫನ್ನು ಜಗತ್ತಿನ ಮೊದಲ ಕತ್ತಲಾಕಾಶದ ನಗರವೆಂದು ಮಾನ್ಯ ಮಾಡಿತು. ಭಾರತದಲ್ಲಿ ಇದಕ್ಕೆ ಹತ್ತಿರದ ಪ್ರಯತ್ನವೆಂದರೆ ಲಡಾಖ್ ಆಡಳಿತವು 2022ರಲ್ಲಿ ಘೋಷಿಸಿದ, 1,073 ಚದರ ಕಿಲೋಮೀಟರ್ ವಿಸ್ತಾರದ ಹಾನ್ಲೆ ಕತ್ತಲಾಕಾಶ ಮೀಸಲು ಪ್ರದೇಶ. ಅಲ್ಲಿನ ವೀಕ್ಷಣಾಲಯ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದ್ದು, ಸುಮಾರು 4,500 ಮೀಟರ್ ಎತ್ತರದಲ್ಲಿರುವ ಅದರ ಎರಡು ಮೀಟರ್ ವ್ಯಾಸದ ದೂರದರ್ಶಕವನ್ನು ಹೊಸಕೋಟೆಯ ಕೇಂದ್ರದಿಂದ ಉಪಗ್ರಹ ಸಂಪರ್ಕದ ಮೂಲಕ ನಡೆಸಲಾಗುತ್ತದೆ.