ವಾಲಗದವರ ಕೈಯ ಸ್ಯಾಕ್ಸೋಫೋನ್

ಜಾಝ್ ಕೇಳೋಕೆ ಎಲ್ಲಿಂದ ಶುರು ಮಾಡ್ಬೇಕು ಅಂತ ಆಫೀಸಿನಲ್ಲಿ ಯಾರಾದರೂ ಕೇಳಿದರೆ ಸಿಗೋ ಉತ್ತರ ಸಾಮಾನ್ಯವಾಗಿ ಒಂದೇ: ಮೈಲ್ಸ್ ಡೇವಿಸ್, 'ಕೈಂಡ್ ಆಫ್ ಬ್ಲೂ', 1959. ಒಳ್ಳೇ ಸಲಹೆಯೇ. ಆದರೆ ಕೇಳಿದವರು ಕನ್ನಡದವರಾದರೆ ನಾನು ಬೇರೆ ದಾರಿ ತೋರಿಸ್ತೀನಿ. ಅದು ಬಂಟ್ವಾಳದಿಂದ ಹೊರಟು, ಮೈಸೂರು ಅರಮನೆ ಹಾದು, ಬೆಂಗಳೂರಿನಲ್ಲಿ ಸ್ವಲ್ಪ ನಿಂತು, ಆಮೇಲೆ ಅಮೆರಿಕಕ್ಕೆ ಹೋಗುತ್ತೆ. ಸುತ್ತು ಬಳಸಿನ ದಾರಿ ನಿಜ. ಆದರೆ ಈ ದಾರಿಯಲ್ಲಿ ಬಂದವರಿಗೆ ಜಾಝ್ ಅನ್ನೋದು ಪಬ್ಬಿನ ಮಂದ ಬೆಳಕಿನಲ್ಲಿ ಕೂತು ತಲೆಯಾಡಿಸುವವರ ಸ್ವತ್ತು ಅಂತ ಅನ್ನಿಸೋದಿಲ್ಲ.

ನಾನು ದಕ್ಷಿಣ ಕನ್ನಡದ ಹಳ್ಳಿಯವನು. ನಮ್ಮ ಕಡೆ ಸ್ಯಾಕ್ಸೋಫೋನ್ ಅಂದರೆ ದೇವಸ್ಥಾನದ ವಾದ್ಯ. ಜಾತ್ರೆಯಲ್ಲಿ ದೇವರ ಬಲಿ ಹೊರಟಾಗ, ಮದುವೆಯಲ್ಲಿ ಧಾರೆಯ ಹೊತ್ತಿಗೆ, ಡೋಲಿನ ಪಕ್ಕ ನಿಂತು ಪಂಚೆ ಉಟ್ಟವರು ಊದುವ ಹಿತ್ತಾಳೆಯ ವಾದ್ಯ. ಬೆಂಗಳೂರಿಗೆ ಬಂದ ಮೇಲೆ ಅದೇ ವಾದ್ಯದ ಚಿತ್ರವನ್ನು ಇಂದಿರಾನಗರದ ಗೋಡೆಯೊಂದರ ಮೇಲೆ, ಸೂಟು ಹಾಕಿದ ಕಪ್ಪು ಮನುಷ್ಯನ ಕೈಯಲ್ಲಿ ನೋಡಿದೆ. ಎರಡೂ ಒಂದೇ ವಾದ್ಯ. ಹಾಗಾದರೆ ಒಂದು 'ಕ್ಲಾಸ್', ಇನ್ನೊಂದು 'ಮದುವೆ ಬ್ಯಾಂಡ್' ಆದದ್ದು ಹೇಗೆ? ಈ ಪ್ರಶ್ನೆ ಹಿಡಿದು ಹೊರಟಿದ್ದೇ ನನ್ನ ಸಂಗೀತದ ಓದು.

ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ ಈ ವಾದ್ಯಕ್ಕೆ ಪ್ಯಾರಿಸ್‌ನಲ್ಲಿ ಪೇಟೆಂಟ್ ಪಡೆದದ್ದು 1846ರಲ್ಲಿ. ಆಗಿನ್ನೂ ಜಾಝ್ ಹುಟ್ಟಿರಲೇ ಇಲ್ಲ. ಸ್ಯಾಕ್ಸೋಫೋನಿಗೆ ಮೊದಲು ನೆಲೆ ಕೊಟ್ಟಿದ್ದು ಮಿಲಿಟರಿ ಬ್ಯಾಂಡುಗಳು. ಬಯಲಲ್ಲಿ ನಿಂತು ಊದಿದರೆ ದೂರಕ್ಕೆ ಕೇಳಿಸಬೇಕು, ಅದು ಅವರಿಗೆ ಬೇಕಿದ್ದ ಗುಣ. ನಾಗಸ್ವರದ ಗುಣವೂ ಅದೇ ಅಲ್ವಾ? ಇನ್ನೊಂದು ಹೋಲಿಕೆ ಉಂಟು: ಎರಡರ ಕೊಳವೆಯೂ ಒಂದು ಕಡೆ ಸಪೂರ, ಇನ್ನೊಂದು ಕಡೆ ಅಗಲ. ನಾದ ತುಂಬಿ ಬರೋದಕ್ಕೆ ಅದೂ ಒಂದು ಕಾರಣ. ಬ್ಯಾಂಡುಗಳ ಜೊತೆ ಸ್ಯಾಕ್ಸೋಫೋನ್ ದೇಶ ದೇಶ ಸುತ್ತಿತು. ಮೈಸೂರಿನ ಅರಮನೆ ಬ್ಯಾಂಡಿನೊಳಕ್ಕೂ ಬಂತು.

ಅರಮನೆ ಅಂದ ಮೇಲೆ ಜಯಚಾಮರಾಜೇಂದ್ರ ಒಡೆಯರ್ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗೋಕೆ ಮನಸ್ಸಾಗಲ್ಲ. ಕರ್ನಾಟಕ ಸಂಗೀತದಲ್ಲಿ 94 ಕೃತಿ ರಚಿಸಿದ ಮಹಾರಾಜರಿಗೆ ಪಶ್ಚಿಮದ ಶಾಸ್ತ್ರೀಯ ಸಂಗೀತದ ಹುಚ್ಚೂ ಅಷ್ಟೇ ಇತ್ತು. ಲಂಡನ್ನಿನಲ್ಲಿ ಬಹುಮಟ್ಟಿಗೆ ಮರೆತುಹೋಗಿದ್ದ ರಷ್ಯದ ನಿಕೊಲಾಯ್ ಮೆಟ್ನರ್ ಅವರ ರಚನೆಗಳನ್ನು ಅವರಿಂದಲೇ ನುಡಿಸಿ ರೆಕಾರ್ಡ್ ಮಾಡಿಸೋಕೆ ದುಡ್ಡು ಕೊಟ್ಟರು. ಮೆಟ್ನರ್ ತಮ್ಮ ಮೂರನೇ ಪಿಯಾನೋ ಕನ್ಚೆರ್ಟೋವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದರು. ರಿಚರ್ಡ್ ಸ್ಟ್ರಾಸ್ ಸಾಯುವ ಮೊದಲು ಬರೆದ 'ಫೋರ್ ಲಾಸ್ಟ್ ಸಾಂಗ್ಸ್' ಮೊದಲ ಸಲ ಹಾಡಿದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. ಆ ಕಛೇರಿಯ ಹಿಂದಿದ್ದ ಹಣದ ಬಲವೂ ಮೈಸೂರಿನದೇ. ನಿಮ್ಮ ಪಟ್ಟಿಯಲ್ಲಿ ಪಾಶ್ಚಾತ್ಯ ಶಾಸ್ತ್ರೀಯಕ್ಕೆ ಒಂದೇ ಒಂದು ಜಾಗ ಇದ್ದರೆ ಆ ನಾಲ್ಕು ಹಾಡುಗಳಿಗೆ ಕೊಡಿ. ರಾತ್ರಿ ಕೇಳಬೇಕು, ಲೈಟ್ ಆರಿಸಿ.

ಆ ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಬೆರಗಾದ ಹುಡುಗ ಕದ್ರಿ ಗೋಪಾಲನಾಥ್. ಬಂಟ್ವಾಳ ತಾಲ್ಲೂಕಿನ ಸಜೀಪಮೂಡದವರು, 1949ರಲ್ಲಿ ಹುಟ್ಟಿದವರು. ತಂದೆ ತನಿಯಪ್ಪ ನಾಗಸ್ವರ ವಿದ್ವಾಂಸರು. ಹುಡುಗ ನಾಗಸ್ವರವನ್ನೇ ಮುಂದುವರಿಸಬೇಕಿತ್ತು. ಅವನ ಮನಸ್ಸು ಹೋಗಿದ್ದು ಸ್ಯಾಕ್ಸೋಫೋನಿನ ಕಡೆ.

ಇದು ಎಷ್ಟು ಕಷ್ಟದ ಕೆಲಸ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ. ನಾಗಸ್ವರದ ತೂತನ್ನು ಬೆರಳೇ ಮುಚ್ಚುತ್ತೆ. ಅರ್ಧ ಮುಚ್ಚಬಹುದು, ಕಾಲು ಭಾಗ ತೆರೆಯಬಹುದು, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಸಿಕೊಂಡು ಹೋಗಬಹುದು. ಸ್ಯಾಕ್ಸೋಫೋನಿನಲ್ಲಿ ಬೆರಳಿಗೂ ತೂತಿಗೂ ಮಧ್ಯೆ ಕೀ, ಸನ್ನೆ, ಮುಚ್ಚಳ ಎಲ್ಲಾ ಇವೆ. ಕೀ ಒತ್ತಿದರೆ ಒಂದು ಸ್ವರ, ಬಿಟ್ಟರೆ ಇನ್ನೊಂದು. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ನಾಗಸ್ವರ ಅನಲಾಗ್, ಸ್ಯಾಕ್ಸೋಫೋನ್ ಡಿಜಿಟಲ್. ಆದರೆ ಕರ್ನಾಟಕ ಸಂಗೀತದ ಜೀವ ಇರೋದು ಎರಡು ಸ್ವರಗಳ ನಡುವಿನ ಜಾಗದಲ್ಲಿ, ಗಮಕದಲ್ಲಿ. ಆ ಜಾಗವನ್ನು ಗೋಪಾಲನಾಥ್ ತುಟಿಯ ಬಿಗಿ, ಉಸಿರಿನ ಒತ್ತಡದಿಂದ ಹುಡುಕಿಕೊಳ್ಳಬೇಕಾಯ್ತು. ವಾದ್ಯದಲ್ಲೂ ತಮಗೆ ಬೇಕಾದ ಹಾಗೆ ಬದಲಾವಣೆ ಮಾಡಿಕೊಂಡರು. ಮಂಗಳೂರಿನ ಕಲಾನಿಕೇತನದಲ್ಲಿ ಗೋಪಾಲಕೃಷ್ಣ ಅಯ್ಯರ್, ಆಮೇಲೆ ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರ ಹತ್ತಿರ ಪಾಠ. ವರ್ಷಗಟ್ಟಲೆ ಸಾಧನೆ. 1980ರಲ್ಲಿ ಬೊಂಬಾಯಿಯ ಜಾಝ್ ಉತ್ಸವದಲ್ಲಿ ಅವರು ನುಡಿಸಿದ್ದನ್ನು ಕೇಳಿದ ಕ್ಯಾಲಿಫೋರ್ನಿಯಾದ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ, ವೇದಿಕೆಯಲ್ಲಿ ನಾನೂ ನಿಮ್ಮ ಜೊತೆ ನುಡಿಸಬಹುದಾ ಅಂತ ಕೇಳಿದರಂತೆ. 1994ರಲ್ಲಿ ಬಿಬಿಸಿಯವರ ಪ್ರಾಮ್ಸ್ ಸಂಗೀತೋತ್ಸವ ಗೋಪಾಲನಾಥರನ್ನು ಕರೆಸಿಕೊಂಡಿತು. ವೇದಿಕೆ, ಅದೇ ರಾಯಲ್ ಆಲ್ಬರ್ಟ್ ಹಾಲ್.

ಇತ್ತ ಇವರು ನಾಗಸ್ವರದಿಂದ ಸ್ಯಾಕ್ಸೋಫೋನಿಗೆ ಬಂದರೆ, ಅತ್ತ ಒಬ್ಬರು ಸ್ಯಾಕ್ಸೋಫೋನಿನಿಂದ ನಾಗಸ್ವರಕ್ಕೆ ಬಂದರು. ಚಾರ್ಲಿ ಮರಿಯಾನೋ, 1923ರಲ್ಲಿ ಬಾಸ್ಟನ್ನಿನಲ್ಲಿ ಇಟಲಿ ಮೂಲದ ಮನೆಯಲ್ಲಿ ಹುಟ್ಟಿದವರು. ಚಾರ್ಲ್ಸ್ ಮಿಂಗಸ್‌ನ 1963ರ 'ದ ಬ್ಲ್ಯಾಕ್ ಸೇಂಟ್ ಅಂಡ್ ದ ಸಿನ್ನರ್ ಲೇಡಿ' ಆಲ್ಬಮ್‌ನಲ್ಲಿ ಅಳುವ ಹಾಗೆ ಕೇಳಿಸೋ ಆಲ್ಟೋ ಸ್ಯಾಕ್ಸೋಫೋನ್ ಇವರದ್ದೇ. ಅರವತ್ತರ ದಶಕದಲ್ಲಿ ಮಲೇಷ್ಯಾದಲ್ಲಿದ್ದಾಗ ನಾಗಸ್ವರ ಕೇಳಿ ಮರುಳಾದರು. ಆಗಲೇ ಹೆಸರು ಮಾಡಿದ್ದ, ನಲವತ್ತು ದಾಟಿದ್ದ ಮನುಷ್ಯ ಮತ್ತೆ ಶಿಷ್ಯನಾಗಿ ಕೂತು ಸರಳೆಯಿಂದ ಕಲಿಯೋದು ಅಂದರೆ ಸುಮ್ಮನೆ ಮಾತಲ್ಲ. ಹತ್ತು ವರ್ಷ ಅನುಭವ ಆದ ಮೇಲೆ ಹೊಸ ಪ್ರೋಗ್ರಾಮಿಂಗ್ ಭಾಷೆ ಕಲಿಯೋಕೇ ನಾವೆಷ್ಟು ಗೊಣಗ್ತೀವಿ ನೋಡಿ.

ಆ ಕಾಲದಲ್ಲಿ ಜಾಝ್ ಲೋಕಕ್ಕೆ ಭಾರತದ ಗಾಳಿ ಬೀಸಿತ್ತು. ಜಾನ್ ಕೋಲ್ಟ್ರೇನ್ 1961ರಲ್ಲಿ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ 'ಇಂಡಿಯಾ' ಅನ್ನೋ ರಚನೆ ನುಡಿಸಿದರು. ತಂಬೂರಿಯ ಶ್ರುತಿಯ ಹಾಗೆ ಹಿಂದೆ ಗುಂಯ್ ಅನ್ನೋದು ಎರಡು ಡಬಲ್ ಬಾಸ್. ಅವರು 1965ರಲ್ಲಿ ಹುಟ್ಟಿದ ಮಗನಿಗೆ ರವಿಶಂಕರ್ ಅವರ ನೆನಪಿಗೆ ರವಿ ಅಂತ ಹೆಸರಿಟ್ಟರು. 1966ರಲ್ಲಿ ಲಂಡನ್ನಿನಲ್ಲಿ ಕಲ್ಕತ್ತಾದ ಜಾನ್ ಮೇಯರ್, ಜಮೈಕಾದ ಜೋ ಹ್ಯಾರಿಯಟ್ ಸೇರಿ 'ಇಂಡೋ-ಜಾಝ್ ಸ್ವೀಟ್' ಮಾಡಿದರು. ಐದು ಜನ ಈ ಕಡೆ, ಐದು ಜನ ಆ ಕಡೆ. ಇತಿಹಾಸಕ್ಕಾಗಿ ಒಮ್ಮೆ ಕೇಳಿ. ನನಗಂತೂ ಒಂದೇ ಮೀಟಿಂಗ್ ರೂಮಿನಲ್ಲಿ ಕೂತ ಎರಡು ಟೀಮುಗಳ ಹಾಗೆ ಕೇಳಿಸುತ್ತೆ.

ಗಿಟಾರ್ ಇಷ್ಟಪಡೋರು ಜಾನ್ ಮೆಕ್‌ಲಾಫ್ಲಿನ್ ಹತ್ತಿರ ಹೋಗಲೇಬೇಕು. ಮಹಾವಿಷ್ಣು ಆರ್ಕೆಸ್ಟ್ರಾ ಕಟ್ಟಿ, ಕಿವಿ ಗುಯ್‌ಗುಡುವ ಎಲೆಕ್ಟ್ರಿಕ್ ಗಿಟಾರಿನಿಂದ ಜಗತ್ತಿಗೇ ಹೆಸರಾದ ಈ ಇಂಗ್ಲೆಂಡಿನವರು, ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಎಸ್. ರಾಮನಾಥನ್ ಅವರಲ್ಲಿ ವೀಣೆ ಕಲಿತರು. ವೀಣೆಯಲ್ಲಿ ಮೆಟ್ಟಿಲು ಎತ್ತರಕ್ಕಿರುತ್ತೆ, ತಂತಿಯನ್ನು ಪಕ್ಕಕ್ಕೆ ಎಳೆದು ಗಮಕ ತೆಗೀತಾರೆ. ಗಿಟಾರಿನಲ್ಲಿ ಅಷ್ಟು ಎಳೆಯೋಕೆ ಆಗಲ್ಲ. ಅದಕ್ಕೆ ಅವರು ಏಬ್ ವೆಕ್ಟರ್ ಅನ್ನೋ ಕುಶಲಕರ್ಮಿಯಿಂದ ಒಂದು ಗಿಬ್ಸನ್ ಗಿಟಾರ್ ಮಾಡಿಸಿಕೊಂಡರು. ಮೆಟ್ಟಿಲುಗಳ ನಡುವಿನ ಮರವನ್ನು ಕೊರೆದು ಹಳ್ಳ ಮಾಡಿದ್ದರು, ಅಡ್ಡಕ್ಕೆ ಶ್ರುತಿಗೆ ಅಂತ ಏಳು ತಂತಿ ಕೂರಿಸಿದ್ದರು. ಆ ಗಿಟಾರ್, ಎಲ್. ಶಂಕರ್ ಪಿಟೀಲು, ಝಾಕಿರ್ ಹುಸೇನ್ ತಬಲಾ, ವಿಕ್ಕು ವಿನಾಯಕರಾಮ್ ಘಟ. ಅದೇ ಶಕ್ತಿ ತಂಡ. 1975ರ ಜುಲೈನಲ್ಲಿ ನ್ಯೂಯಾರ್ಕ್ ಹತ್ತಿರದ ಕಾಲೇಜೊಂದರಲ್ಲಿ ಕೊಟ್ಟ ಕಛೇರಿಯೇ ಅವರ ಮೊದಲ ಆಲ್ಬಮ್. ಅದರ ಮೊದಲ ತುಣುಕು 'ಜಾಯ್', ಹದಿನೆಂಟು ನಿಮಿಷ. ಮೆಟ್ರೋದಲ್ಲಿ ಕೇಳಬೇಡಿ, ಇಳಿಯೋ ಸ್ಟೇಷನ್ ತಪ್ಪಿಹೋಗುತ್ತೆ.

ಕಲಿಯದೆ ಕೂಡಿದರೆ ಒಳ್ಳೇದು ಬರೋದೇ ಇಲ್ಲ ಅಂತೇನೂ ಅಲ್ಲ. ವಿಶ್ವಮೋಹನ್ ಭಟ್ ಮತ್ತು ರೈ ಕೂಡರ್ ಅವರ 'ಎ ಮೀಟಿಂಗ್ ಬೈ ದ ರಿವರ್' 1993ರಲ್ಲಿ ಬಂತು. ರೆಕಾರ್ಡಿಂಗ್‌ಗೆ ಒಂದು ಗಂಟೆಯೂ ಇಲ್ಲ ಅನ್ನುವಾಗ ಅವರಿಬ್ಬರ ಮೊದಲ ಭೇಟಿ. ಆದರೂ ಗ್ರ್ಯಾಮಿ ಬಂತು, ಬರಲೇಬೇಕಿತ್ತು. ಇಬ್ಬರದ್ದೂ ತಂತಿಯ ಮೇಲೆ ಜಾರಿಸಿ ನುಡಿಸುವ ಗಿಟಾರ್. ಸ್ವರದ ನಡುವಿನ ಜಾಗ ಇಬ್ಬರಿಗೂ ಮೊದಲೇ ಗೊತ್ತಿತ್ತು.

ಈಗ ಬೆಂಗಳೂರಿಗೆ ಬರೋಣ. ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ 1964ರಲ್ಲಿ ಇಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಶುರು ಮಾಡಿದರು, ಬರೀ ತಾಳವಾದ್ಯಕ್ಕೆ ಅಂತಲೇ ಒಂದು ಶಾಲೆ. ಅವರ ಪತ್ನಿ ಗಾಯಕಿ ಆರ್.ಎ. ರಮಾಮಣಿ. ಇವರ ತಂಡದ ಜೊತೆ ನಾಗಸ್ವರ ಕಲಿತ ಆ ಚಾರ್ಲಿ ಮರಿಯಾನೋ ಸೇರಿ ಮಾಡಿದ ಆಲ್ಬಮ್ 'ಜ್ಯೋತಿ', 1983, ಜರ್ಮನಿಯ ಇಸಿಎಂ ಕಂಪನಿಯದು. ಈ ಇಡೀ ಪಟ್ಟಿಯಲ್ಲಿ ಒಂದೇ ಆಯ್ಕೆ ಮಾಡು ಅಂದರೆ ನಾನು ಆರಿಸೋದು ಇದನ್ನೇ. ಡ್ರಮ್ಸ್ ಇಲ್ಲ, ಪಿಯಾನೋ ಇಲ್ಲ. ರಮಾಮಣಿಯವರ ದನಿ, ಮೃದಂಗ, ಘಟ, ಖಂಜಿರ, ಮೋರ್ಸಿಂಗ್, ಇವುಗಳ ನಡುವೆ ಮರಿಯಾನೋ ಒಬ್ಬರೇ ಪರದೇಶಿ. ಅವರು ಮೇಲೆ ಬೀಳಲ್ಲ, ಮೆರೆಯೋಕೆ ಹೋಗಲ್ಲ. ದನಿ ಬಿಟ್ಟ ಜಾಗದಲ್ಲಿ ಮೆಲ್ಲಗೆ ಬರ್ತಾರೆ. ನಡುವೆ ಕೊನ್ನಕ್ಕೋಲ್, ಅಂದರೆ ಬಾಯಲ್ಲೇ ಹೇಳುವ ತಾಳದ ಸೊಲ್ಲುಗಳು, ಬರುತ್ತೆ. ಲೆಕ್ಕದ ಹುಚ್ಚಿರೋರಿಗೆ ಕೊನ್ನಕ್ಕೋಲ್ ಹಬ್ಬ: ಎಂಟಕ್ಷರದ ಆದಿತಾಳದ ಮೇಲೆ ಐದೈದರ 'ತಕತಕಿಟ' ಓಡಿಸಿದರೆ ಎರಡೂ ಒಟ್ಟಿಗೆ ಸಮಕ್ಕೆ ಬರೋದು ನಲವತ್ತನೇ ಎಣಿಕೆ ಮುಗಿದಾಗ. ಲ.ಸಾ.ಅ. ಅಂತ ಹೈಸ್ಕೂಲಿನಲ್ಲಿ ಮಾಡಿದ್ದು ಇದೇ ಲೆಕ್ಕ.

ಇಷ್ಟು ದೊಡ್ಡ ಕೆಲಸ ನಮ್ಮದೇ ಊರಿನ ಶಾಲೆಯೊಂದರಿಂದ ನಡೆದಿದೆ, ಬೆಂಗಳೂರಲ್ಲಿ ಜಾಝ್ ನೈಟಿಗೆ ಟಿಕೆಟ್ ತಗೊಳ್ಳೋರಲ್ಲಿ ಎಷ್ಟು ಜನಕ್ಕೆ ಈ ಹೆಸರು ಗೊತ್ತು? ನನಗೆ ಬೇಜಾರು ಇರೋದು ಇಲ್ಲೇ. ಕರಾವಳಿಯಲ್ಲಿ ಗೋಪಾಲನಾಥರ ದಾರಿಯಲ್ಲಿ ಸ್ಯಾಕ್ಸೋಫೋನ್ ಹಿಡಿದವರು ಊರೂರಲ್ಲಿ ಇದ್ದಾರೆ. ಮದುವೆ ಹಾಲಿನ ಮೂಲೆಯಲ್ಲಿ ಕೂತು ಅವರು ಕಲ್ಯಾಣಿ ಎತ್ತಿಕೊಂಡಾಗ ನಮ್ಮ ಗಮನ ಊಟದ ಕ್ಯೂ ಮೇಲಿರುತ್ತೆ. ಅದೇ ವಾದ್ಯಕ್ಕೆ ನಗರದಲ್ಲಿ ಕವರ್ ಚಾರ್ಜ್ ಕೊಟ್ಟು ಹೋಗಿ ಉಸಿರು ಬಿಗಿಹಿಡಿದು ಕೂರ್ತೀವಿ.

ಕೊನೆಯದು 'ಕಿನ್ಸ್‌ಮೆನ್', 2008. ರುದ್ರೇಶ್ ಮಹಾಂತಪ್ಪ ಅಮೆರಿಕದ ಕೊಲೊರಾಡೊದಲ್ಲಿ ಬೆಳೆದ ಆಲ್ಟೋ ಸ್ಯಾಕ್ಸೋಫೋನ್ ವಾದಕ, ಹೆಸರು ನೋಡಿದರೇ ಕನ್ನಡದ ಬೇರು ಗೊತ್ತಾಗುತ್ತೆ. ಬಾಸ್ಟನ್ನಿನಲ್ಲಿ ಜಾಝ್ ಓದ್ತಿದ್ದಾಗ ಅಣ್ಣ ತಮಾಷೆಗೆ ಅಂತ ಒಂದು ಆಲ್ಬಮ್ ಕೊಟ್ಟರು: 'ಸ್ಯಾಕ್ಸೋಫೋನ್ ಇಂಡಿಯನ್ ಸ್ಟೈಲ್', ಕದ್ರಿ ಗೋಪಾಲನಾಥರದ್ದು. ತಮಾಷೆ ಅಲ್ಲಿಗೇ ನಿಲ್ಲಲಿಲ್ಲ. ಮುಂದೆ ಇಬ್ಬರೂ ಕೂಡಿ ನುಡಿಸಿದರು. ಪಿಟೀಲಿಗೆ ಎ. ಕನ್ಯಾಕುಮಾರಿ, ಮೃದಂಗಕ್ಕೆ ಪೂವಲೂರು ಶ್ರೀಜಿ, ಗಿಟಾರಿಗೆ ರೆಜ್ ಅಬ್ಬಾಸಿ. ಎರಡು ಸ್ಯಾಕ್ಸೋಫೋನುಗಳಲ್ಲಿ ಯಾವುದು ಯಾರದ್ದು ಅಂತ ಹುಡುಕುತ್ತಾ ಕೇಳೋದೇ ಮಜಾ. ಒಂದು ಚೂಪು, ಅವಸರದ್ದು, ಹರಿತ. ಇನ್ನೊಂದು ದುಂಡಗೆ, ಸ್ವರವನ್ನು ಸವರಿಕೊಂಡು ಬರುತ್ತೆ.

ಗೋಪಾಲನಾಥರು 2019ರ ಅಕ್ಟೋಬರಿನಲ್ಲಿ ತೀರಿಕೊಂಡ ಮೇಲೆ ಊರಿಗೆ ಹೋಗಿದ್ದಾಗ ಇದನ್ನು ಸ್ಪೀಕರಿನಲ್ಲಿ ಹಾಕಿದ್ದೆ. ಅಮ್ಮ ಅಡುಗೆಮನೆಯಿಂದಲೇ, "ಅದು ನಮ್ಮ ಕದ್ರಿಯವರದ್ದಲ್ವಾ?" ಅಂದರು. ಹೌದಮ್ಮ ಅಂದೆ. ಇನ್ನೊಂದು ಐದು ನಿಮಿಷ ಕೇಳಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು ಕೇಳಿದರು: "ಜೊತೆಗೆ ಊದ್ತಾ ಇರುವವ ಯಾವ ಊರಿನವ?"